ಶೆಡ್‌ನಲ್ಲಿ ಕಟ್ಟಿದ ಗೈರೋಪ್ಲೇನ್: ಮೊದಲ ಹಾರಾಟಕ್ಕೆ ಮುಂಚೆ ಏನೇನು ನೋಡಬೇಕು?

ನೀವು ಕೇಳಿರುವುದು ಎರಡು ಪ್ರಶ್ನೆ. ಸೋಮವಾರಪೇಟೆ ಹತ್ತಿರ ತೋಟದ ಶೆಡ್‌ನಲ್ಲಿ ನೀವೇ ಕಟ್ಟಿದ, ಒಬ್ಬರೇ ಕೂರುವ ಗೈರೋಪ್ಲೇನ್ (ಮೇಲೆ ಹೆಲಿಕಾಪ್ಟರ್ ತರಹ ತಿರುಗುವ ರೆಕ್ಕೆ, ಮುಂದಕ್ಕೆ ಹೋಗಲು ಎಂಜಿನ್ ಪ್ರೊಪೆಲ್ಲರ್ ಇರುವ ಪುಟ್ಟ ಹಾರುವ ಯಂತ್ರ) ರೆಡಿ ಆಗಿದೆ, ಹಾರಿಸುವ ಮುಂಚೆ ಏನೇನು ಚೆಕ್ ಮಾಡಬೇಕು ಅನ್ನುವುದು ಒಂದು. ಕೊಯ್ಲಾದ ಗದ್ದೆಯಲ್ಲೇ ಮೊದಲ ಸಲ ಎಬ್ಬಿಸಬಹುದಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ದಯವಿಟ್ಟು ಬೇಡ.

ನಾನು ವಾಯುಪಡೆಯಲ್ಲಿ ಹೆಲಿಕಾಪ್ಟರ್ ಟೆಕ್ನಿಷಿಯನ್ ಆಗಿದ್ದವನು, ಈಗ ಗೋಣಿಕೊಪ್ಪ ಕಡೆ ತೋಟ ನೋಡಿಕೊಂಡಿದ್ದೇನೆ. ಸ್ನೇಹಿತರೊಬ್ಬರು ಗೈರೋ ಕಟ್ಟಿದಾಗ ಅದು ಹಾರುವವರೆಗೂ ಜೊತೆಗಿದ್ದೆ.

ನಮ್ಮ ಗದ್ದೆಗಳು ಎಲ್ಲಿರುತ್ತವೆ ನೋಡಿ. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ, ಮಧ್ಯೆ ಮಧ್ಯೆ ಬದು, ಸುತ್ತ ಸಿಲ್ವರ್ ಓಕ್. ಗುಡ್ಡ ದಾಟಿ ಬರುವ ಗಾಳಿ ಆ ತಗ್ಗಿನಲ್ಲಿ ಸುರುಳಿ ಹೊಡೆಯುತ್ತದೆ. ಗೈರೋಗೆ ಇಳಿಯಲು ಜಾಗ ಕಡಿಮೆ ಸಾಕು, ನಿಜ, ಆದರೆ ಏರಲು ಜಾಸ್ತಿ ಬೇಕು, ಅದರಲ್ಲೂ ನಮ್ಮ ಎತ್ತರದಲ್ಲಿ. 900 ಮೀಟರ್ ಎತ್ತರದ ಜಾಗದಲ್ಲಿ ಬಿಸಿಲೇರಿ 28 ಡಿಗ್ರಿ ಆಯಿತು ಅಂದುಕೊಳ್ಳಿ. ಅಲ್ಲಿನ ಗಾಳಿ ಸುಮಾರು 1600 ಮೀಟರ್ ಎತ್ತರದ ಗಾಳಿಯಷ್ಟು ತೆಳ್ಳಗಿರುತ್ತದೆ. ಟರ್ಬೋ ಇಲ್ಲದ ಎಂಜಿನ್ನಿನ ಶಕ್ತಿ ಅಲ್ಲೇ ನೂರಕ್ಕೆ ಹದಿನೈದರಷ್ಟು ಹೋಯಿತು. ಮರ ಎದುರಿಗೆ ಬಂದಾಗ ಆ ಹದಿನೈದೇ ಬೇಕಾಗುವುದು. ಕಟ್ಟುವುದು ಕೊಡಗಿನಲ್ಲಿ ಕಟ್ಟಿ, ಆದರೆ ಮೊದಲ ಹಾರಾಟಕ್ಕೆ ಟ್ರೈಲರ್‌ನಲ್ಲಿ ಹಾಕಿಕೊಂಡು ಬಯಲುಸೀಮೆಯ ಉದ್ದ ರನ್‌ವೇಗೆ ಹೋಗಿ. ಅನುಮತಿ ಪಡೆದು, ಗೈರೋ ಬಲ್ಲ ಇನ್‌ಸ್ಟ್ರಕ್ಟರ್ ಇರುವ ಕಡೆ. ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯಲ್ಲಿ ನೋಂದಣಿ, ಹಾರಾಟದ ಪರವಾನಗಿ, ನಿಮ್ಮ ಲೈಸೆನ್ಸ್, ಈ ಕಾಗದಪತ್ರದ ಕೆಲಸ ಇನ್ನೂ ಶುರು ಮಾಡಿಲ್ಲ ಅಂದರೆ ಇವತ್ತೇ ಮಾಡಿ. ನಿಧಾನವಾಗುವುದು ಅದೇ.

ಈಗ ಯಂತ್ರದ ವಿಷಯ. ಮೊದಲಿಗೆ ಎಲ್ಲರೂ ಎಂಜಿನ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಗೈರೋದಲ್ಲಿ ನಿಮ್ಮ ಜೀವ ಇರುವುದು ರೋಟರ್‌ನಲ್ಲಿ, ಅಂದರೆ ತಲೆಯ ಮೇಲೆ ತಿರುಗುವ ರೆಕ್ಕೆಯಲ್ಲಿ. ಅದಕ್ಕೆ ಎಂಜಿನ್ ಬಲ ಕೊಡುವುದಿಲ್ಲ, ಜಾತ್ರೆಯ ಗಿರಗಿಟ್ಲೆ ತರಹ ಕೆಳಗಿನಿಂದ ಮೇಲೆ ಹಾಯುವ ಗಾಳಿಗೆ ತಾನೇ ತಿರುಗುತ್ತದೆ. ಮುಂದಕ್ಕೆ ಬರುವ ಬ್ಲೇಡಿಗೆ ಗಾಳಿ ಜಾಸ್ತಿ ಸಿಗುತ್ತದೆ, ಹಿಂದಕ್ಕೆ ಹೋಗುವುದಕ್ಕೆ ಕಡಿಮೆ. ಸ್ಪೇನಿನ ಹ್ವಾನ್ ದೆ ಲಾ ಸಿಯೆರ್ವಾ ಮೊದಮೊದಲು ಮಾಡಿದ ಯಂತ್ರಗಳು ಇದೇ ಕಾರಣಕ್ಕೆ ಒಂದು ಪಕ್ಕಕ್ಕೆ ಮಗುಚುತ್ತಿದ್ದವು. ಬ್ಲೇಡಿನ ಬುಡಕ್ಕೆ ಹಿಂಜ್ ಇಟ್ಟು, ಅದು ಮೇಲೆ ಕೆಳಗೆ ಆಡುವ ಹಾಗೆ ಮಾಡಿದ ಮೇಲೆಯೇ 1923ರಲ್ಲಿ ಅವರ ಯಂತ್ರ ಸರಿಯಾಗಿ ಹಾರಿದ್ದು. ನಿಮ್ಮ ಎರಡು ಬ್ಲೇಡಿನ ರೋಟರ್‌ನಲ್ಲಿ ಆ ಕೆಲಸ ಮಾಡುವುದು ಟೀಟರ್ ಬೋಲ್ಟ್. ಇಡೀ ಯಂತ್ರ, ನಿಮ್ಮನ್ನೂ ಸೇರಿಸಿ, ನೇತಾಡುವುದು ಆ ಒಂದು ಬೋಲ್ಟಿಗೆ.

ಅದನ್ನು ಕೈಯಲ್ಲಿ ಹಿಡಿದು ನೋಡಿ. ಬಿಲ್ ಇರುವ ಏವಿಯೇಷನ್ ಬೋಲ್ಟೇ ತಾನೇ? ಹಾರ್ಡ್‌ವೇರ್ ಅಂಗಡಿಯದಾದರೆ ಬಿಸಾಕಿ. ತಿರುಗುವ ಜಾಗದ ಯಾವ ಬೋಲ್ಟಿಗೂ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವುದು) ಸಾಲದು, ತುದಿಯಲ್ಲಿ ಸೀಳುಗಳಿರುವ ಕ್ಯಾಸಲ್ ನಟ್ ಹಾಕಿ ಸ್ಪ್ಲಿಟ್ ಪಿನ್ ಹೊಡೆಯಬೇಕು. ಹೇಳಿದಷ್ಟೇ ಟಾರ್ಕ್ ಕೊಟ್ಟು ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬೋಲ್ಟಿನ ತನಕ ಕೆಂಪು ಪೇಂಟಿನ ಒಂದು ಗೆರೆ ಎಳೆಯಿರಿ. ಗೆರೆ ಮುರಿದರೆ ನಟ್ ಜರುಗಿದೆ ಅಂತ ಅರ್ಥ, ನಾಲ್ಕು ಅಡಿ ದೂರದಿಂದಲೂ ಕಾಣುತ್ತದೆ. ಇದೆಲ್ಲ ಆದಮೇಲೆ, ಯಂತ್ರ ಕಟ್ಟುವಾಗ ಕೈ ಹಾಕದ ಇನ್ನೊಬ್ಬರಿಂದ ಪ್ರತಿ ಜೋಡಣೆಯನ್ನೂ ನೋಡಿಸಿ. ಕಟ್ಟಿದವರ ಕಣ್ಣಿಗೆ ತಾವು ಮಾಡಬೇಕು ಅಂದುಕೊಂಡಿದ್ದೇ ಕಾಣುತ್ತದೆ.

ಮುಂದಿನದು ಹ್ಯಾಂಗ್ ಟೆಸ್ಟ್. ಇದನ್ನು ಮಾಡದೆ ಶೆಡ್ಡಿನಿಂದ ಹೊರಗೆ ತೆಗೆಯಲೇಬೇಡಿ. ಗಟ್ಟಿ ತೊಲೆಗೆ ಚೈನ್ ಪುಲ್ಲಿ ಕಟ್ಟಿ, ಟೀಟರ್ ಬೋಲ್ಟಿನಿಂದ ಯಂತ್ರವನ್ನು ಎತ್ತಿ. ನೀವು ಹಾರುವಾಗಿನ ಬಟ್ಟೆ, ಹೆಲ್ಮೆಟ್ ಹಾಕಿಕೊಂಡು ಸೀಟಿನಲ್ಲಿ ಕೂರಬೇಕು, ಟ್ಯಾಂಕಿನಲ್ಲಿ ಪ್ಲಾನ್ ಹೇಳಿದಷ್ಟು ಪೆಟ್ರೋಲ್ ಇರಬೇಕು. ಮೂಗು ಎಷ್ಟು ಡಿಗ್ರಿ ಕೆಳಗೆ ಬಾಗಬೇಕು ಅನ್ನುವುದು ನಿಮ್ಮ ಪ್ಲಾನ್‌ನಲ್ಲೇ ಇರುತ್ತದೆ, ರೋಟರ್ ಹೊತ್ತ ಕಂಬಕ್ಕೆ (ಮಾಸ್ಟ್) ಕೋನ ಅಳೆಯುವ ಡಿಜಿಟಲ್ ಲೆವೆಲ್ ಇಟ್ಟು ನೋಡಿ. ಬಾಗುವುದು ಕಡಿಮೆಯಾದರೆ ಹಿಂಭಾರ, ಹಾರಾಟದಲ್ಲಿ ಸ್ಟಿಕ್ (ಕೈಯಲ್ಲಿ ಹಿಡಿದು ಯಂತ್ರವನ್ನು ನಡೆಸುವ ಕೋಲು) ಮುಂದಕ್ಕೆ ತಳ್ಳಲು ಜಾಗ ಉಳಿಯುವುದಿಲ್ಲ. ಜಾಸ್ತಿಯಾದರೆ ಇಳಿಯುವಾಗ ಹಿಂದಕ್ಕೆ ಎಳೆಯಲು ಜಾಗ ಸಾಲುವುದಿಲ್ಲ. ಸ್ನೇಹಿತರ ಯಂತ್ರ ನೇತು ಹಾಕಿದಾಗ ಬ್ಯಾಟರಿಯನ್ನು ಒಂದು ಗೇಣು ಸರಿಸಿದ್ದಕ್ಕೇ ಲೆವೆಲ್‌ನಲ್ಲಿ ಅಂಕಿ ಬದಲಾಯಿತು.

ಹಾಗೇ ಇನ್ನೊಂದು ಜಾಗದಿಂದಲೂ ನೇತು ಹಾಕಿ. ಎರಡೂ ಸಲ ತೂಗುಗುಂಡು ಬಿಟ್ಟು ಗೆರೆ ಗುರುತು ಮಾಡಿದರೆ, ಗೆರೆಗಳು ಸೇರುವ ಕಡೆ ಯಂತ್ರದ ಭಾರದ ಕೇಂದ್ರ ಇದೆ. ಈಗ ಪ್ರೊಪೆಲ್ಲರ್ ಶಾಫ್ಟಿನ ಗೆರೆ ಅದಕ್ಕಿಂತ ಎಷ್ಟು ಮೇಲಿದೆ ಅಂತ ಅಳೆಯಿರಿ. ತುಂಬಾ ಮೇಲಿದ್ದರೆ, ಗಾಳಿಯ ಹೊಡೆತಕ್ಕೋ ಸ್ಟಿಕ್ ಜೋರಾಗಿ ಮುಂದೆ ತಳ್ಳಿದ್ದಕ್ಕೋ ರೋಟರ್ ಮೇಲಿನ ಭಾರ ಒಂದು ಕ್ಷಣ ಕಡಿಮೆಯಾದಾಗ, ಎಂಜಿನ್ ಯಂತ್ರವನ್ನು ಮೂಗು ಮುಂದಾಗಿ ಮಗುಚಿಬಿಡುತ್ತದೆ. ಅದಾದಮೇಲೆ ಪೈಲಟ್ ಮಾಡುವುದಕ್ಕೆ ಏನೂ ಇಲ್ಲ. ಬ್ರಿಟನ್ನಿನಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಅಧ್ಯಯನದ ನಂತರ, ಈ ಅಂತರ ಎರಡು ಇಂಚಿನೊಳಗೆ ಇರಬೇಕು ಅನ್ನುವ ಲೆಕ್ಕ ಬಂತು. ನಿಮ್ಮದು ಅದಕ್ಕಿಂತ ಜಾಸ್ತಿ ಇದ್ದರೆ ಸೀಟು ಎತ್ತರಿಸಿ, ಎಂಜಿನ್ ಇಳಿಸಿ, ಏನಾದರೂ ಮಾಡಿ. ಬಾಲದಲ್ಲಿ ಅಡ್ಡ ಸ್ಟೆಬಿಲೈಸರ್ ಇಲ್ಲದಿದ್ದರೆ ಪ್ಲಾನ್ ಮಾಡಿದವರನ್ನು ಕೇಳಿ ಹಾಕಿಸಿಕೊಳ್ಳಿ.

ಮಳೆಗಾಲ ಪೂರ್ತಿ ಶೆಡ್‌ನಲ್ಲಿ ನಿಂತಿತ್ತು ಅಂದಿರಲ್ಲ, ಅದಕ್ಕೆ ಸ್ವಲ್ಪ ಹೇಳಬೇಕು. ಗಾಳಿಯ ವೇಗ ಅಳೆಯುವ ಪೀಟೋ ಕೊಳವೆ, ಟ್ಯಾಂಕಿನ ಗಾಳಿ ಕಿಂಡಿ, ಎರಡರಲ್ಲೂ ಕುಂಬಾರ ಹುಳು ಮಣ್ಣು ಮೆತ್ತಿರುತ್ತದೆ. ಕಿಂಡಿ ಮುಚ್ಚಿದರೆ ಪೆಟ್ರೋಲ್ ಇಳಿಯದೆ ಎಂಜಿನ್ ನಿಲ್ಲುತ್ತದೆ. ಇಲಿ ವೈರ್ ಕಡಿದಿದೆಯಾ ನೋಡಿ. ಕಂಟ್ರೋಲ್ ರಾಡ್‌ಗಳ ತುದಿಯ ಬೇರಿಂಗ್‌ನಲ್ಲಿ ತುಕ್ಕು ಕಂಡರೆ ಉಜ್ಜಬೇಡಿ, ಬದಲಾಯಿಸಿ.

ಪೆಟ್ರೋಲ್ ಬಗ್ಗೆ ಕೂಡ. ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆಸಿದ್ದು. ನಿಮ್ಮದು ರೋಟ್ಯಾಕ್ಸ್ 912 ಅಂದಿದ್ದೀರಿ, ಅದರ ಕಂಪನಿ ಒಪ್ಪಿರುವುದು ಇ10ವರೆಗೆ. ಉದ್ದನೆಯ ಗಾಜಿನ ಬಾಟಲಿಯಲ್ಲಿ ಸ್ವಲ್ಪ ನೀರು ಹಾಕಿ ಅದರ ಮಟ್ಟಕ್ಕೆ ಗುರುತು ಮಾಡಿ, ಮೇಲೆ ಪೆಟ್ರೋಲ್ ಸುರಿದು ಅಲ್ಲಾಡಿಸಿ ಬಿಡಿ. ಎಥನಾಲ್ ನೀರಿಗೆ ಇಳಿದು ನೀರಿನ ಮಟ್ಟ ಏರುತ್ತದೆ, ಎಷ್ಟು ಏರಿತು ಅನ್ನುವುದರಲ್ಲೇ ಗೊತ್ತಾಗುತ್ತದೆ. ಮೊದಲ ಹಾರಾಟಕ್ಕೆ ಏವ್‌ಗ್ಯಾಸ್ (ವಿಮಾನದ ಪೆಟ್ರೋಲ್) ತರಿಸಿ. ಹಳೆ ಪೆಟ್ರೋಲ್ ಪೂರ್ತಿ ತೆಗೆದುಬಿಡಿ.

ಇಷ್ಟಾದರೆ ಯಂತ್ರ ರೆಡಿ. ನೀವು ರೆಡಿ ಆಗಬೇಕಲ್ಲ? ಗೈರೋ ತಾನಾಗಿ ಕಲಿಯಬಹುದು ಅಂದುಕೊಂಡು ಜೀವ ಕಳೆದುಕೊಂಡವರು ಬಹಳ. ವಿಮಾನದ ಲೈಸೆನ್ಸ್ ಇರುವವರೂ ಅದರಲ್ಲಿದ್ದಾರೆ, ಯಾಕಂದರೆ ವಿಮಾನದಲ್ಲಿ ಸ್ಟಿಕ್ ಮುಂದೆ ತಳ್ಳುವ ಅಭ್ಯಾಸವೇ ಇಲ್ಲಿ ಮುಳುವು. ಎರಡು ಸೀಟಿನ ಗೈರೋದಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಕಲಿತು, ಅವರು ಒಬ್ಬರೇ ಹೋಗಿ ಅಂದಮೇಲೆ ಮಾತ್ರ ನಿಮ್ಮ ಯಂತ್ರದಲ್ಲಿ ಕೂರಿ. ಸಾಧ್ಯವಾದರೆ ಮೊದಲ ಹಾರಾಟ ಅವರಿಂದಲೇ ಮಾಡಿಸಿ.

ನೆಲದ ಮೇಲೆ ಅವರು ಕಲಿಸುವ ಮುಖ್ಯ ಪಾಠ ರೋಟರ್‌ನ ವೇಗ ಏರಿಸುವುದು. ರೋಟರ್ ನಿಧಾನವಾಗಿ ತಿರುಗುತ್ತಿರುವಾಗ ನೀವು ಥ್ರಾಟಲ್ ಕೊಟ್ಟು ಓಡಿಸಿದರೆ, ಹಿಂದಕ್ಕೆ ಹೋಗುವ ಬ್ಲೇಡ್ ಸ್ಟಾಲ್ ಆಗಿ, ಅಂದರೆ ಎತ್ತುವ ಬಲ ಕಳೆದುಕೊಂಡು, ಪಟಪಟ ಬಡಿಯುತ್ತದೆ. ಸ್ಟಿಕ್ ಕೈಯಲ್ಲಿ ಬಡಿದ ಹಾಗೆ ಆಗುತ್ತದೆ. ಆಗ ತಕ್ಷಣ ಸ್ಟಿಕ್ ಮುಂದಕ್ಕೆ, ಥ್ರಾಟಲ್ ಕಡಿಮೆ, ಬ್ರೇಕ್. ಒಂದೆರಡು ಸೆಕೆಂಡ್ ತಡವಾದರೆ ಬ್ಲೇಡ್ ಬಾಲಕ್ಕೋ ಪ್ರೊಪೆಲ್ಲರ್‌ಗೋ ಹೊಡೆದು ಎಲ್ಲ ಚೂರಾಗುತ್ತದೆ. ಅದಕ್ಕೇ ರೋಟರ್‌ನ ಆರ್‌ಪಿಎಂ ಮೀಟರ್ ಕಣ್ಣಿಗೆ ನೇರವಾಗಿ ಕಾಣುವ ಕಡೆ ಇಡಿ, ವೇಗದ ಮೀಟರ್‌ಗಿಂತಲೂ ಮೇಲೆ.

ದಿನ ಯಾವುದು ಅಂತ ಮೊದಲೇ ಗೊತ್ತು ಮಾಡಬೇಡಿ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಯ ಜೊತೆ ಯಂತ್ರಕ್ಕೂ ಹೂ ಹಾಕಿ ಪೂಜೆ ಮಾಡಿ, ಸಂತೋಷ. ಆದರೆ ನೆಂಟರನ್ನೆಲ್ಲ ಕರೆದು ಇಂಥ ದಿನ ಹಾರುತ್ತೇನೆ ಅಂದರೆ, ಗಾಳಿ ಎದ್ದಾಗ ಬೇಡ ಅನ್ನಲು ನಾಲಿಗೆ ಬರುವುದಿಲ್ಲ. ಬೆಳಗ್ಗೆ ಬೇಗ, ಗಾಳಿ ಸಣ್ಣಗೆ ಎದುರಿನಿಂದ ಮಾತ್ರ ಇರುವಾಗ, ಮಂಜು ಪೂರ್ತಿ ಬಿಟ್ಟ ಮೇಲೆ ಹೊರಡಿ. ತಂಪು ತೇವದ ಹೊತ್ತಿನಲ್ಲಿ ಕಾರ್ಬ್ಯುರೇಟರ್‌ನಲ್ಲಿ ಮಂಜುಗಡ್ಡೆ ಕಟ್ಟಬಹುದು, ನೆನಪಿರಲಿ. ಒಂದೇ ಸುತ್ತು ಹೊಡೆದು ಇಳಿಯಿರಿ, ಎಂಜಿನ್ ಆಫ್ ಮಾಡಿ ಎಲ್ಲ ಕೆಂಪು ಗೆರೆಗಳನ್ನೂ ಮತ್ತೆ ನೋಡಿ.

ಹ್ಯಾಂಗ್ ಟೆಸ್ಟ್ ಆದಮೇಲೆ ಬಾಗಿದ ಡಿಗ್ರಿ ಎಷ್ಟು, ಶಾಫ್ಟಿನ ಅಂತರ ಎಷ್ಟು ಇಂಚು ಅಂತ ಬರೆಯಿರಿ. ಆ ಎರಡು ಅಂಕಿ ಸಿಕ್ಕರೆ ಮುಂದಿನದು ಹೇಳುತ್ತೇನೆ.