ಬಿ ಸೈಡ್ ಕೇಳದ ಮಗ

36 ವರ್ಷದ ಗಂಡಸು, ಲೆಕ್ಕಪತ್ರದ ಕೆಲಸ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. ತಂದೆ ತೀರಿಕೊಂಡು ನಾಲ್ಕು ತಿಂಗಳು. ಸಮಾಲೋಚನೆಗೆ ನನ್ನ ಬಳಿ ಕರೆತಂದವರು ಹೆಂಡತಿ: "ಹೊತ್ತಿಲ್ಲ ಗೊತ್ತಿಲ್ಲ, ಅದೇ ಹಾಡು ಮೇಡಂ. ಕರೆದರೆ ಓ ಅನ್ನಲ್ಲ."

ಅದೇ ಹಾಡು ಅಂದರೆ 'ನಿತ್ಯೋತ್ಸವ'. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ, 1978ರಲ್ಲಿ ಬಂದ ಭಾವಗೀತೆಗಳ ಧ್ವನಿಸುರುಳಿ. ತಂದೆಯ ಕ್ಯಾಸೆಟ್ಟನ್ನೇ ಅಂಗಡಿಯಲ್ಲಿ ಕೊಟ್ಟು ಫೋನಿಗೆ ಹಾಕಿಸಿಕೊಂಡಿದ್ದಾರೆ. ಎ ಸೈಡಿನಲ್ಲೊಂದು ಕಡೆ ಟೇಪು ಸಿಕ್ಕಿಕೊಂಡು ಎಳೆದುಹೋಗಿ, ದನಿ ಎರಡು ಸೆಕೆಂಡು ಜಗ್ಗುತ್ತದೆ. ಅಪ್ಪ ಪೆನ್ಸಿಲ್ ತೂರಿಸಿ ಸುತ್ತಿ ಸರಿಮಾಡಿದ್ದ ಜಾಗ. ಅಲ್ಲಿಗೆ ಬಂದೊಡನೆ ಇವರು ಅರ್ಧ ನಿಮಿಷ ಹಿಂದಕ್ಕೆ ಎಳೆದು ಮತ್ತೆ ಅದನ್ನೇ ಕೇಳುತ್ತಾರೆ. ಬಿ ಸೈಡ್ ಕೇಳಿ ತಿಂಗಳುಗಳೇ ಆಗಿವೆ.

ಒಂದೇ ಆಲ್ಬಂ ಪದೇಪದೇ ಕೇಳುವುದು ಕಾಯಿಲೆಯಲ್ಲ. ಕೇಳಿದ ಮೇಲೆ ಮನಸ್ಸು ಹಗುರವಾಗುತ್ತದೋ ಭಾರವಾಗುತ್ತದೋ, ಅದನ್ನು ನೋಡಬೇಕು. ಒಂದು ವಾರ ಬರೆದಿಡಲು ಹೇಳಿದೆ: ಎಷ್ಟು ಹೊತ್ತಿಗೆ, ಎಷ್ಟು ಸಮಯ, ಕೇಳುವ ಮುಂಚೆ ಮತ್ತು ನಂತರ ಮನಸ್ಸಿನ ಭಾರ ಹತ್ತಕ್ಕೆ ಎಷ್ಟು. ಸಂಜೆ ಕೇಳಿದಾಗ 7 ಇದ್ದದ್ದು 4ಕ್ಕೆ ಇಳಿದಿತ್ತು. ರಾತ್ರಿ 11ರ ಮೇಲೆ, ಹಾಸಿಗೆಯಲ್ಲಿ, 5 ಇದ್ದದ್ದು 8ಕ್ಕೆ ಏರಿತ್ತು. ದಿನಕ್ಕೆ ಸರಾಸರಿ 7 ಗಂಟೆ, ಎಲ್ಲಾ ಇಯರ್‌ಫೋನಿನಲ್ಲೇ.

ನಡುವೆ ಒಂದು ಎಡವಟ್ಟಾಯಿತು. ಮನೆಯವರ ಒತ್ತಾಯಕ್ಕೆ ಮೂರು ದಿನ ಪೂರ್ತಿ ನಿಲ್ಲಿಸಿದರು. ಮೂರನೇ ರಾತ್ರಿ ಎರಡೂವರೆವರೆಗೆ ಎದ್ದು ಕೂತು ಕೇಳಿದರು. ದುಃಖಕ್ಕೆ ಇದ್ದದ್ದು ಅದೊಂದೇ ಬಾಗಿಲು. ಬೇರೆ ದಾರಿ ಕೊಡದೆ ಮುಚ್ಚಿದರೆ ಹೀಗೇ ಆಗುವುದು.

ಕ್ಯಾಸೆಟ್ಟಿನಲ್ಲಿ ಒಂದು ಬದಿ ಮುಗಿದರೆ ಟಕ್ ಎಂದು ಗುಂಡಿ ಮೇಲೇಳುತ್ತಿತ್ತು, ಎದ್ದು ಹೋಗಿ ತಿರುಗಿಸಿ ಹಾಕಬೇಕಿತ್ತು. ಫೋನಿನಲ್ಲಿ ಆ ಕೊನೆಯೇ ಇಲ್ಲ. ಸಲಹೆಯೂ ಅಲ್ಲಿಂದಲೇ ಶುರು. ರಿಪೀಟ್, ಆಟೋಪ್ಲೇ ಎರಡೂ ಬಂದ್. ಸಂಜೆ ಏಳೂವರೆಗೆ ನಡುಮನೆಯಲ್ಲಿ, ಸ್ಪೀಕರಿನಲ್ಲಿ, ಎ ಸೈಡ್. ಆಮೇಲೆ ಹತ್ತು ನಿಮಿಷ ಬಿಡುವು, ಕಾಫಿ, ಮಾತು. ನಂತರ ಬಿ ಸೈಡ್. ಜಗ್ಗುವ ಜಾಗವನ್ನು ಹಿಂದಕ್ಕೆ ಎಳೆಯುವುದು ಒಂದೇ ಸಲ. ತಾಯಿಯೂ ಜೊತೆಗೆ ಕೂರಲಿ ಎಂದೆ. ಮೊದಲ ಸಂಜೆಯೇ ಅವರೆಂದರಂತೆ: "ಆ ಟೇಪು ಎಳೆದವನು ನೀನೇ ಕಣೋ." ಮನೆಯಲ್ಲಿ ಅಪ್ಪನ ಮಾತು ಬಂದದ್ದು ಆವತ್ತೇ.

ರಾತ್ರಿ ಫೋನು ನಡುಮನೆಯಲ್ಲೇ ಚಾರ್ಜಿಗೆ. ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗಲೇ ಮಲಗುವುದು. ಹಾಡು ತಲೆಯಲ್ಲೇ ಸುತ್ತುತ್ತಿದ್ದರೆ ತಡೆಯಲು ಹೋಗಬಾರದು, ತಡೆದಷ್ಟೂ ಅದು ಹೆಚ್ಚು. ಮೆಲ್ಲಗೆ ಕೊನೆಯ ಸಾಲಿನವರೆಗೆ ಗುನುಗಿ ಮುಗಿಸಬೇಕು.

ಕಿವಿಯ ಲೆಕ್ಕ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ. ಇವರದು 49 ಗಂಟೆ, ಸದ್ದೂ ಜೋರು. ಗುಂಯ್ ಎನ್ನುತ್ತದೆ ಎಂದಿದ್ದಕ್ಕೆ ಕಿವಿ ವೈದ್ಯರಲ್ಲಿಗೆ ಕಳಿಸಿದೆ.

ಖಿನ್ನತೆಯ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಮೊದಲು 27ಕ್ಕೆ 11 ಬಂದಿತ್ತು, ಮೂರು ವಾರಕ್ಕೆ 8. ಹತ್ತರ ಕೆಳಗೆ ಇಳಿಯದೇ ಇದ್ದಿದ್ದರೆ ಮನೋವೈದ್ಯರನ್ನು ಕಾಣಬೇಕಿತ್ತು. ಸಾಯುವ ಯೋಚನೆ ಒಮ್ಮೆ ಸುಳಿದರೂ ಅಂಕಕ್ಕೆ ಕಾಯದೆ ಅಂದೇ ಕಾಣಬೇಕು. ರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು ಎಂದು ಹೆಂಡತಿಗೂ ಬರೆದುಕೊಟ್ಟೆ.

ಬಿ ಸೈಡಿನ ಮೂರನೇ ಹಾಡಿಗೆ ಇನ್ನೂ ಎದ್ದು ಹೋಗುತ್ತಾರಂತೆ. ಹೋಗಲಿ, ಹಿಡಿದು ಕೂರಿಸಬೇಡಿ ಎಂದಿದ್ದೇನೆ. ಮುಂದಿನ ಭೇಟಿ ಎರಡು ವಾರಕ್ಕೆ.