ಮರಿಗಳು ಹೋದ ಮೇಲೆ ತಾಯಿಬೆಕ್ಕಿನ ಆರೈಕೆ

ಡೊಂಬಿವಲಿಯ ಓದುಗರೊಬ್ಬರ ಪತ್ರ: "ನಮ್ಮನೆ ಬೆಕ್ಕು ನಾಲ್ಕು ಮರಿ ಹಾಕಿತ್ತು. ಎರಡು ತಿಂಗಳು ತುಂಬಿದ ಮೇಲೆ ಮೂರನ್ನು ಗುರುತಿನವರಿಗೆ ಕೊಟ್ಟು ಒಂದು ಗಂಡುಮರಿ ಇಟ್ಟುಕೊಂಡೆವು. ಅದು ಇನ್ನೂ ಹಾಲು ಕುಡಿಯುತ್ತಿದೆ. ತಾಯಿ ಎರಡು ದಿನದಿಂದ ಮಂಚದ ಕೆಳಗೆ, ಕಪಾಟಿನ ಹಿಂದೆ ಹುಡುಕಿಕೊಂಡು ಕೂಗುತ್ತಿದೆ. ಪಕ್ಕೆಲುಬು ಕಾಣುವಷ್ಟು ಬಡವಾಗಿದೆ, ಮೊಲೆಗಳು ಬಿಗಿದಿವೆ. ಮತ್ತೆ ಮರಿಯಾಗದಂತೆ ಆಪರೇಷನ್ ಮಾಡಿಸೋಣವೆಂದರೆ ಅತ್ತೆಯವರು ಪಾಪ ಅನ್ನುತ್ತಾರೆ. ಏನು ಮಾಡಲಿ?"

ಸಂಪಾದಕರ ಉತ್ತರ:

ಮರಿಗಳಿಗೆ ಮನೆ ಬೇಕು ಎಂದು ಕೇಳುವವರು ಬಹಳ, ತಾಯಿಯ ಬಗ್ಗೆ ಕೇಳುವವರು ಕಡಿಮೆ. ನೀವು ಕೇಳಿದ್ದೀರಿ, ಅದೂ ಸರಿಯಾದ ಹೊತ್ತಿಗೆ.

ಮೊದಲು ಮೊಲೆಯ ವಿಷಯ. ಮರಿ ಚೀಪುತ್ತಿರುವವರೆಗೆ ಹಾಲು ಬತ್ತುವುದಿಲ್ಲ. ಎರಡು ತಿಂಗಳ ಮರಿ ತಾನೇ ತಿಂದು ಬದುಕಬಲ್ಲದು, ಆದ್ದರಿಂದ ಅದನ್ನು ಒಂದು ವಾರ ಬೇರೆ ಕೋಣೆಯಲ್ಲಿಡಿ. ಒಂದೇ ಕೋಣೆಯ ಮನೆಯಾದರೆ ರಾತ್ರಿ ಅಡುಗೆಮನೆಯಲ್ಲಿ ಮಲಗಿಸಿದರೂ ಸ್ವಲ್ಪ ಅನುಕೂಲ. ಬಿಗಿದಿದೆಯೆಂದು ಹಾಲು ಹಿಂಡಬೇಡಿ, ಹಿಂಡಿದಷ್ಟೂ ಹಾಲು ಮತ್ತೆ ತುಂಬುತ್ತದೆ. ಎಣ್ಣೆ, ಅರಿಶಿನ ಹಚ್ಚುವುದೂ ಬೇಡ, ಎಲ್ಲವನ್ನೂ ನೆಕ್ಕಿ ನುಂಗುತ್ತದೆ. ದಿನಕ್ಕೆರಡು ಸಲ ಹೊಟ್ಟೆಯಡಿ ಕೈಯಾಡಿಸಿ ನೋಡಿ. ಎಲ್ಲ ಮೊಲೆಗಳೂ ಒಂದೇ ಸಮ ತುಂಬಿದ್ದು ಮೆತ್ತಗಿದ್ದರೆ ನಾಲ್ಕಾರು ದಿನದಲ್ಲಿ ಇಳಿಯುತ್ತದೆ. ಒಂದೇ ಒಂದು ಮೊಲೆ ಬಿಸಿಯಾಗಿ, ಗಟ್ಟಿಯಾಗಿ, ಕೆಂಪಗೋ ನೀಲಿಯಾಗೋ ಕಂಡರೆ, ಮುಟ್ಟಿದರೆ ಬೆಕ್ಕು ಗುರ್ರೆಂದರೆ, ಊಟ ಬಿಟ್ಟರೆ, ಅದು ಕೆಚ್ಚಲುಬಾವು. ಅದೇ ದಿನ ಡಾಕ್ಟರಿಗೆ ತೋರಿಸಿ. ನೋವಿಗೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರ ಖಂಡಿತ ಕೊಡಬೇಡಿ. ಒಂದು ಮಾತ್ರೆಯೇ ಬೆಕ್ಕಿನ ಪ್ರಾಣ ತೆಗೆಯಬಹುದು.

ಹಾಲು ಬತ್ತುವ ಮೂರ್ನಾಲ್ಕು ದಿನ ಊಟ ಸ್ವಲ್ಪ ಕಡಿಮೆಯಿರಲಿ, ಆದರೆ ಉಪವಾಸ ಕೆಡವಬೇಡಿ, ನೀರು ಸದಾ ಇರಲಿ. ಆಮೇಲೆ ಬಾಣಂತಿಗೆ ಮಾಡುವ ಹಾಗೆಯೇ ಮೈ ತುಂಬಿಸಬೇಕು. ನಮ್ಮ ಕರಾವಳಿಯವರ ಮನೆಗಳಲ್ಲಿ ಬೆಕ್ಕೆಂದರೆ ಬೂತಾಯಿಯ ತಲೆ, ಬಂಗುಡೆ ಸಾರಿನ ಅನ್ನ. ಬೆಕ್ಕಿಗೆ ಅನ್ನದಿಂದ ಸಿಗುವುದು ಅಲ್ಪ, ಸಾರಿನಲ್ಲಿರುವ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಅದಕ್ಕೆ ಕೆಡುಕು. ಉಪ್ಪಿಲ್ಲದೆ ಬೇಯಿಸಿದ ಮುಳ್ಳು ತೆಗೆದ ಮೀನು, ಕೋಳಿಮಾಂಸ, ಮೊಟ್ಟೆ ಕೊಡಿ. ಕೋಳಿಯ ಹೃದಯ ಸಿಕ್ಕಿದರೆ ಒಳ್ಳೆಯದು, ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಪೋಷಕಾಂಶ ಅದರಲ್ಲಿದೆ. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಮಾತ್ರ ಸಿಗುವಷ್ಟು ಆಗುವವರೆಗೆ ಮರಿಗಳ ಒಣ ಆಹಾರವನ್ನೇ ತಾಯಿಗೂ ಹಾಕಬಹುದು. ಹಾಲು ಬೇಡ, ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ. ಜಂತುಹುಳ ತಾಯಿಯ ಹಾಲಿನಿಂದಲೇ ಮರಿಗೆ ಹೋಗುವುದರಿಂದ ಇಬ್ಬರಿಗೂ ಜೊತೆಗೇ ಔಷಧ ಹಾಕಿಸಿ.

ಇನ್ನು ಆ ಕೂಗು. ಹುಡುಕಾಟದ ಕೂಗು ಸಣ್ಣದು, ಬಾಯಿ ಅರೆ ಮುಚ್ಚಿ ಮರಿಯನ್ನು ಕರೆಯುವಂಥದ್ದು. ಕೆಲವು ತಾಯಿಬೆಕ್ಕುಗಳು ಕಾಲುಚೀಲವನ್ನೋ ಬಟ್ಟೆಯ ತುಂಡನ್ನೋ ಬಾಯಲ್ಲಿ ಕಚ್ಚಿಕೊಂಡು ತಿರುಗುತ್ತವೆ. ಗದರಬೇಡಿ, ಹತ್ತಿರ ಕೂತು ಮೈದಡವಿ. ವಾರದೊಳಗೆ ತಣ್ಣಗಾಗುತ್ತದೆ. ಆದರೆ ಕೂಗು ಉದ್ದವಾಗಿ, ಗಟ್ಟಿಯಾಗಿ ರಾತ್ರಿಯೆಲ್ಲ ನಡೆದರೆ, ನೆಲದ ಮೇಲೆ ಹೊರಳಾಡಿದರೆ, ಬೆನ್ನು ಸವರಿದೊಡನೆ ಹಿಂಭಾಗವನ್ನೆತ್ತಿ ಬಾಲವನ್ನು ಪಕ್ಕಕ್ಕೆ ಸರಿಸಿದರೆ, ಅದು ಬೆದೆಗೆ ಬಂದಿದೆ. ಅನೇಕರು ಇದನ್ನು ಮರಿಗಳ ದುಃಖವೆಂದುಕೊಂಡು "ಹೊರಗೆ ಸುತ್ತಾಡಿ ಬರಲಿ, ಮನಸ್ಸು ಹಗುರಾಗುತ್ತೆ" ಎಂದು ಬಾಗಿಲು ತೆರೆಯುತ್ತಾರೆ. ಎರಡು ತಿಂಗಳು ಕಳೆದರೆ ಮತ್ತೆ ಮರಿಗಳು. ಮರಿ ಹಾಲು ಬಿಡುವ ಮೊದಲೇ ಕೆಲವು ಬೆದೆಗೆ ಬರುವುದುಂಟು. ಹಾಗಾಗಿ ಬಾಗಿಲು ಮುಚ್ಚಿರಲಿ, ಕಿಟಕಿಯ ಗ್ರಿಲ್ಲಿಗೆ ಜಾಲರಿ ಕಟ್ಟಿಸಿ. ಗ್ರಿಲ್ಲಿನ ಸಂದಿಯಲ್ಲಿ ನುಸುಳಿ ಮೇಲಿನ ಮಹಡಿಗಳಿಂದ ಬೆಕ್ಕು ಬೀಳುವುದು ನಮ್ಮ ಊರಿನಲ್ಲಿ ಹೊಸತೇನಲ್ಲ.

ಆಪರೇಷನ್ ಮಾಡಿಸಿ ಎಂದೇ ನನ್ನ ಮಾತು. ಹಾಲು ಬತ್ತಿ ಸುಮಾರು ಎರಡು ವಾರವಾಗಲಿ. ಅಷ್ಟರಲ್ಲಿ ಊದಿದ ಮೊಲೆಗಳು ಕುಗ್ಗಿ, ಕೊಯ್ಯುವುದೂ ಹೊಲಿಯುವುದೂ ಡಾಕ್ಟರಿಗೆ ಸಲೀಸಾಗುತ್ತದೆ, ಬೆಕ್ಕಿಗೂ ಮೈಯಲ್ಲಿ ಕಸುವು ಬಂದಿರುತ್ತದೆ. ನಿಮ್ಮ ಹತ್ತಿರ ನಂಬಿಕೆಯ ಡಾಕ್ಟರಿಲ್ಲದಿದ್ದರೆ ಪರೇಲ್‌ನಲ್ಲಿ ಮುಂಬಯಿಯ ಜನ ಬೈಲ್‌ಘೋಡಾ ಎಂದೇ ಕರೆಯುವ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯಿದೆ, ಅಲ್ಲಿ ವಿಚಾರಿಸಿ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ, ಅವರ ಮನಸ್ಸಿನಲ್ಲಿರುವುದು ಕರುಣೆಯೇ. ಈ ಬೆಕ್ಕು ವರ್ಷಕ್ಕೆ ಎರಡು ಮೂರು ಸೂಲು ಹಾಕಬಲ್ಲದು ಎಂದು ಅವರಿಗೆ ಹೇಳಿ. ಪ್ರತಿ ಸಲವೂ ನಾಲ್ಕು ಮರಿಗೆ ಮನೆ ಸಿಕ್ಕೀತೇ? ಸಿಗದ ಮರಿಗಳು ಮಳೆಗಾಲದಲ್ಲಿ ಸೊಸೈಟಿಯ ಕಾಂಪೌಂಡಿನಲ್ಲಿ ಕಣ್ಣು ಅಂಟಿಕೊಂಡು, ನೆಗಡಿ ಕಟ್ಟಿ, ಕಾರಿನಡಿ ಬೆಚ್ಚಗೆ ಮಲಗಿ ಸಾಯುವುದನ್ನು ಅವರೂ ಕಂಡಿರುತ್ತಾರೆ. ಬೆಕ್ಕನ್ನು ತೋರಿಸಲು ಡಾಕ್ಟರ ಬಳಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಅನುಮಾನಗಳನ್ನು ಅವರೇ ಕೇಳಲಿ.

ಗಂಡುಮರಿಯನ್ನೂ ಮರೆಯಬೇಡಿ. ಆರು ತಿಂಗಳು ತುಂಬುವಷ್ಟರಲ್ಲಿ ಅದು ತಾಯಿಯನ್ನೇ ಕೂಡಬಹುದು, ಅಷ್ಟರೊಳಗೆ ಅದಕ್ಕೂ ಆಪರೇಷನ್ ಆಗಲಿ. ಇಬ್ಬರಿಗೂ ರೇಬಿಸ್ ಲಸಿಕೆ ಹಾಕಿಸಿ. ಆಪರೇಷನ್ ಆದ ಮೇಲೆ ಹತ್ತು ದಿನ ತಾಯಿ ಹೊಲಿಗೆ ನೆಕ್ಕದಂತೆ ಕೊರಳಿಗೆ ಲಾಳಿಕೆಯಂಥ ಕಾಲರ್ ಇರಲಿ, ಆ ದಿನಗಳಲ್ಲಿ ಮರಿ ಅದರ ಹೊಟ್ಟೆಗೆ ಬಾಯಿಹಾಕದಂತೆ ಮತ್ತೆ ಬೇರೆಯೇ ಮಲಗಿಸಿ.