ಅಜ್ಜಿಯ ಆಯುಷ್ಯಕ್ಕೆ ತಾಳ್ಮೆ ಕಾರಣವಲ್ಲ

ಬದಿಯಡ್ಕದಿಂದ ಬರೆದ ಗೆಳೆಯರಿಗೆ ನಮಸ್ಕಾರ.

ಹೆಂಗಸರು ಗಂಡಸರಿಗಿಂತ ಹೆಚ್ಚು ಕಾಲ ಬದುಕುವುದೇಕೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ, ಕೈಬಿಡಲೂ ಮನಸ್ಸಿಲ್ಲ. ಕಾರಣ, ಮೂರನೆಯ ಪುಟದಲ್ಲಿ ಬರುವ ನಿಮ್ಮ ಅಜ್ಜಿ. ತೊಂಬತ್ತೊಂದರ ವಯಸ್ಸಿನಲ್ಲಿ ಜಗಲಿಯಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತ, ಉರುಳಿ ಹೋದ ಅಡಿಕೆಯನ್ನು ಕಾಲ್ಬೆರಳಿನಿಂದಲೇ ಹತ್ತಿರಕ್ಕೆ ಎಳೆದುಕೊಳ್ಳುತ್ತಾರಲ್ಲ, ಲೇಖನ ಅಲ್ಲಿಂದಲೇ ಶುರುವಾಗಲಿ. ‘ಸ್ತ್ರೀ ಎಂದರೆ ಶಕ್ತಿ’ ಎನ್ನುವ ಮೊದಲ ಎರಡು ಪುಟಗಳು ಬೇಡ.

ಹೆಂಗಸರ ತಾಳ್ಮೆ, ವ್ರತ, ಉಪವಾಸಗಳೇ ದೀರ್ಘಾಯುಷ್ಯದ ಗುಟ್ಟು ಎಂದಿದ್ದೀರಿ. 1970–75ರ ಅವಧಿಯಲ್ಲಿ ಭಾರತದಲ್ಲಿ ಗಂಡಸರ ನಿರೀಕ್ಷಿತ ಆಯುಷ್ಯ 50.5 ವರ್ಷ, ಹೆಂಗಸರದು 49. ಆ ಕಾಲದ ತಾಯಂದಿರಿಗೆ ತಾಳ್ಮೆ ಕಡಿಮೆಯಿತ್ತೇ? ಹೆರಿಗೆಯಲ್ಲಿ ಜೀವ ಬಿಡುತ್ತಿದ್ದರು, ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದರು. ದೇಹ ಕೊಟ್ಟ ಅನುಕೂಲವನ್ನು ಬದುಕು ಕಸಿದುಕೊಂಡಿತ್ತು. ತಾಳ್ಮೆಯನ್ನು ಹೊಗಳುವ ಭರದಲ್ಲಿ ನೀವು ಆ ಅನ್ಯಾಯವನ್ನೇ ಮುಚ್ಚಿಬಿಟ್ಟಿದ್ದೀರಿ. ಓದುವಾಗ ನನಗೆ ನಿಜವಾಗಿಯೂ ನೋವಾಯಿತು.

‘ಎರಡು ಎಕ್ಸ್ ವರ್ಣತಂತು ಇರುವುದರಿಂದ ಹೆಂಗಸಿಗೆ ಎರಡು ಪಟ್ಟು ಬಲ’ ಎಂಬ ಮಾತೂ ಸರಿಯಲ್ಲ. ಪ್ರತಿ ಜೀವಕೋಶದಲ್ಲೂ ವಂಶವಾಹಿಗಳನ್ನು ಹೊತ್ತ ಈ ಎರಡು ತಂತುಗಳಲ್ಲೊಂದು ಬಹುಮಟ್ಟಿಗೆ ಸುಮ್ಮನಿರುತ್ತದೆ ಎಂದು 1961ರಲ್ಲಿ ಬ್ರಿಟನ್ನಿನ ತಳಿವಿಜ್ಞಾನಿ ಮೇರಿ ಲಯನ್ ವಾದಿಸಿದರು. ಕೆಲವು ಕೋಶಗಳಲ್ಲಿ ತಾಯಿಯಿಂದ ಬಂದದ್ದು ಸುಮ್ಮನಿದ್ದರೆ, ಕೆಲವುಗಳಲ್ಲಿ ತಂದೆಯಿಂದ ಬಂದದ್ದು. ಹಾಗಾಗಿ ಒಂದರಲ್ಲಿ ದೋಷವಿದ್ದರೂ ಇನ್ನೊಂದನ್ನು ಬಳಸುವ ಕೋಶಗಳು ಕೆಲಸ ನಿಭಾಯಿಸುತ್ತವೆ. ಗಂಡಸಿಗೆ ಇರುವುದೇ ಒಂದು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗ ಗಂಡುಮಕ್ಕಳನ್ನೇ ಹೆಚ್ಚಾಗಿ ಕಾಡುವುದು ಇದಕ್ಕೇ. ನಿಮ್ಮ ಅಂಗಳದ ಕೋಳಿಗಳನ್ನೂ ಸೇರಿಸಿಕೊಳ್ಳಿ: ಅಲ್ಲಿ ಒಂದೇ ಬಗೆಯ ಎರಡು ಲಿಂಗ ವರ್ಣತಂತುಗಳ ಜೋಡಿ ಇರುವುದು ಹುಂಜಕ್ಕೆ, ಹೇಂಟೆಗಲ್ಲ. ಹಕ್ಕಿಗಳಲ್ಲಿ ಸಾಮಾನ್ಯವಾಗಿ ಗಂಡೇ ಹೆಚ್ಚು ಕಾಲ ಬದುಕುತ್ತದೆ.

ಐವತ್ತೆಂಟಕ್ಕೇ ಹೃದಯಾಘಾತದಿಂದ ತೀರಿಹೋದ ಅಜ್ಜನಿಗೆ ಒಂದೇ ಸಾಲು ಕೊಟ್ಟಿದ್ದೀರಿ, ಅದು ಸಾಲದು. ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಎಂಬ ಹಾರ್ಮೋನು ಹೆಂಗಸರ ರಕ್ತನಾಳಗಳಿಗೆ ರಕ್ಷೆಯಂತಿರುತ್ತದೆ. ಅವರಿಗೆ ಹೃದ್ರೋಗ ಬರುವುದು ಸುಮಾರು ಹತ್ತು ವರ್ಷ ತಡವಾಗಿ. ಆದರೆ ಅಜ್ಜ ಬೀಡಿ ಸೇದುತ್ತಿದ್ದರೇ? ಅಜ್ಜಿಯನ್ನು ಕೇಳಿ. ಸೇದುತ್ತಿದ್ದರೆ ಬರೆಯಿರಿ, ಬೀಡಿಯ ಪಾಲನ್ನು ಹಾರ್ಮೋನಿನ ತಲೆಗೆ ಕಟ್ಟಬೇಡಿ.

ಎಂಟು ಪುಟ ನಾಲ್ಕಕ್ಕೆ ಇಳಿಯಲಿ. ತಿಂಗಳೊಳಗೆ ಕಳುಹಿಸಿದರೆ ನಾನೇ ಕುಳಿತು ಓದುತ್ತೇನೆ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.